ಚಿಕ್ಕೀರನ ಬಿಚ್ಚಲಾಗದ ವಾಚು

ಕೂತ್ಕೊಳ್ಳಿ. ನಿಮ್ಮ ವಾಚಿಗೆ ಸೆಲ್ಲು ಹಾಕಿ, ಬೆಲ್ಟಿನ ಪಿನ್ನು ಬದಲಾಯಿಸಿ ಕೊಡುವಷ್ಟರಲ್ಲಿ ಒಂದು ಪೆದ್ದನ ಕತೆ ಮುಗಿಯುತ್ತೆ. ರಾಜ ಇಲ್ಲ, ಮಂತ್ರಿ ಇಲ್ಲ. ಒಬ್ಬ ಅವ್ವ, ಒಬ್ಬ ಮಗ, ಇಬ್ಬರೇ. ನಗು ಬಂದ ಕಡೆ ನಗಿ, ನಾನೂ ನಕ್ಕವನೇ.

ಅವ್ವನ ಹೆಸರು ಸಣ್ಣಮ್ಮ. ಮಗನ ಹೆಸರು ಚಿಕ್ಕೀರ. ಹೆಸರಷ್ಟೇ ಚಿಕ್ಕದು, ಆಳು ಬಾಗಿಲ ದಾರಂದಕ್ಕೆ ತಲೆ ತಗಲುವಷ್ಟು ಉದ್ದ. ಮೂವತ್ತು ದಾಟಿತ್ತು. ಅಕ್ಕಿ ಮಿಲ್ಲಲ್ಲಿ ಮೂಟೆ ಹೊರುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ.

ಒಂದು ದಿನ ಅವ್ವ ಒಲೆ ಮೇಲೆ ಹಾಲಿಟ್ಟು, “ಲೋ ಚಿಕ್ಕೀರ, ಹಾಲು ಉಕ್ಕತದೆ, ನೋಡ್ತಿರ್ಲಾ” ಅಂದು ನೀರಿಗೆ ಹೋದಳು. ಬಂದು ನೋಡಿದರೆ ಹಾಲೆಲ್ಲ ಒಲೆಯೊಳಗೆ!

“ಏನ್ಲಾ ಇದು?”

“ನೋಡ್ದೆ ಕಣವ್ವ! ಬಲು ಚೆಂದಾಗಿ ಉಕ್ತು!”

“ಅಯ್ಯೋ ನನ್ನ ಹಣೆಬರಹವೇ! ಉಕ್ಕೋಕೆ ಮುಂಚೆ ಇಳಿಸ್ಬೇಕು ಕಣ್ಲಾ. ಆಯ್ತಾ?”

“ಆಯ್ತವ್ವ.”

ಮಾರನೇ ದಿನ ಒಲೆ ಹಚ್ಚುವುದಕ್ಕೂ ಮುಂಚೆ ಪಾತ್ರೆ ಕೆಳಗಿಟ್ಟು ಕೂತಿದ್ದ. ಉಕ್ಕೋಕೆ ಮುಂಚೆ ಇಳಿಸಿದ್ದ ತಾನೆ! ಅವತ್ತು ಇಬ್ಬರೂ ಹಸಿ ಹಾಲು ಕುಡಿದರು.

ಸಣ್ಣಮ್ಮ ಬಂಗಲೆಯೊಂದರಲ್ಲಿ ಅಡುಗೆಗಿದ್ದಳು. ಇಪ್ಪತ್ತು ವರ್ಷ ಅದೇ ಒಲೆ ಮುಂದೆ ನಿಂತವಳು. ಆಮೇಲಾಮೇಲೆ ಎದೆನೋವು ಶುರುವಾಯಿತು. ಮೆಣಸಿನಕಾಯಿ ಹುರಿಯುತ್ತಾ ಹುರಿಯುತ್ತಾ ಎದೆ ಹಿಡಿದುಕೊಂಡು ಕೂತುಬಿಡೋಳು. ಅವಳಿಗೆ ಸಾವಿನ ಭಯ ಇರಲಿಲ್ಲ. ಇದ್ದ ಭಯ ಒಂದೇ. ಚಿಕ್ಕೀರ ಯಾರಾದರೂ ಹೇಳಿದರೆ ಉಣ್ಣೋನು, ಹೇಳದಿದ್ದರೆ ಅನ್ನದ ಗಡಿಗೆ ಮುಂದೆ ಇದ್ದರೂ ಸುಮ್ಮನೆ ಕೂತಿರೋನು. ತಾನು ಹೋದರೆ ಇವನಿಗೆ ಉಣ್ಣು ಅಂತ ಹೇಳೋರು ಯಾರು?

ಬಂಗಲೆಯವರು ಊರು ಬಿಡುವಾಗ ಅಮ್ಮಾವ್ರು, “ಸಣ್ಣಮ್ಮ, ಏನು ಬೇಕು ಕೇಳು” ಅಂದರು. ಬೇರೆಯವಳಾಗಿದ್ದರೆ ಓಲೆ ಕೇಳೋಳು, ಸೀರೆ ಕೇಳೋಳು. ಇವಳು, “ಎಂದೂ ನಿಲ್ಲದಂಥ ಒಂದು ವಾಚು ಕೊಡಿ ಅಮ್ಮಾವ್ರೇ, ನನ್ನ ಮಗನ ಕೈಗೆ ಕಟ್ಬೇಕು” ಅಂದಳು. ಅವರು ಯಜಮಾನರದ್ದೇ ಒಂದನ್ನು ತೆಗೆದುಕೊಟ್ಟರು. ಅದರ ಬೆಲೆಗೆ ಒಂದು ಜೊತೆ ಒಳ್ಳೇ ಎತ್ತು ಬರುತ್ತಿತ್ತಂತೆ. ಅದರ ಮೇಲಿದ್ದದ್ದು ಯಾವುದೋ ದೇಶದಲ್ಲಿ ಬಟ್ಟೆ ಡಿಸೈನು ಮಾಡೋನ ಹೆಸರು! ದರ್ಜಿಗೆ ವಾಚಿನ ಉಸಾಬರಿ ಯಾಕೆ ಅಂತ ನನ್ನನ್ನು ಕೇಳಬೇಡಿ. ಮುಖದ ಮೇಲೆ ಒಂದು ಅಂಕಿಯಿಲ್ಲ. ಗಂಟೆ ತೋರಿಸೋಕೆ ನಾಚಿಕೆಪಟ್ಟುಕೊಳ್ಳುವ ವಾಚು ನಾನು ಕಂಡದ್ದು ಅದೊಂದೇ.

ಸಣ್ಣಮ್ಮ ಹೆದರಲಿಲ್ಲ. ಉಗುರಿಗೆ ಹಚ್ಚುವ ಕೆಂಪು ಬಣ್ಣ ತಂದು, ಎಂಟು ಇರಬೇಕಾದ ಕಡೆ ಗಾಜಿನ ಮೇಲೆ ಒಂದು ಚುಕ್ಕೆ ಇಟ್ಟಳು. ಒಂದು ಇರಬೇಕಾದ ಕಡೆ ಇನ್ನೊಂದು.

“ನೋಡ್ಲಾ, ಗಿಡ್ಡ ಮುಳ್ಳು ಚುಕ್ಕೆ ಮೇಲೆ ಬಂತಾ, ಉಣ್ಣು. ನಾನಿರ್ಲಿ, ಇಲ್ದೇ ಇರ್ಲಿ, ಚುಕ್ಕೆ ಹೇಳ್ತಂದ್ರೆ ನಾನೇ ಹೇಳ್ದಂಗೆ. ಆಯ್ತಾ?”

“ಆಯ್ತವ್ವ.”

ನಾಲ್ಕು ದಿನ ಬಂಗಾರದಂಥ ದಿನ. ಬೆಳಿಗ್ಗೆ ಚುಕ್ಕೆ, ಊಟ. ಮಧ್ಯಾಹ್ನ ಚುಕ್ಕೆ, ಊಟ. ರಾತ್ರಿ ಚುಕ್ಕೆ, ಊಟ. ಸಣ್ಣಮ್ಮ ಬೇರೆ ಮನೆಯ ಅಡುಗೆ ಮುಗಿಸಿ ಬಂದರೆ ತಟ್ಟೆ ತೊಳೆದು ಮಗುಚಿಟ್ಟಿರುತ್ತಿತ್ತು.

ಐದನೇ ದಿನ ಕುಂಬಾರ ಬೀದಿಯ ಅಜ್ಜ ಹೋಗಿಬಿಟ್ಟ. ಚಟ್ಟ ಹೊರೋಕೆ ಗಟ್ಟಿ ಆಳು ಬೇಕಲ್ಲ, ಚಿಕ್ಕೀರನನ್ನು ಕರೆದರು. ಹೊತ್ತ. ಅರ್ಧ ದಾರಿಯಲ್ಲಿ ಕೈ ನೋಡಿಕೊಂಡ. ಮುಳ್ಳು ಚುಕ್ಕೆ ಮೇಲೆ! ತನ್ನ ಮೂಲೆಯನ್ನು ರಸ್ತೆ ಮೇಲೆ ಇಳಿಸಿಯೇಬಿಟ್ಟ. ಅಜ್ಜ ಒಂದು ಕಡೆ ಜಾರಿದ.

“ಲೇ ಲೇ ಲೇ! ಎಲ್ಲಿಗ್ಲಾ?”

“ಊಟಕ್ಕೆ! ಚುಕ್ಕೆ ಬಂತು!”

ಊರೆಲ್ಲ ಉಗಿಯಿತು. ಅವ್ವ ಹಣೆ ಹಣೆ ಚಚ್ಚಿಕೊಂಡಳು. “ಹೆಗಲ ಮೇಲೆ ಭಾರ ಇದ್ದಾಗ ಮುಳ್ಳು ನೋಡ್ಬಾರ್ದು ಕಣ್ಲಾ! ಭಾರ ಇಳಿಸ್ಬೇಕು, ಸೀದಾ ಕೆರೆಗೆ ಹೋಗಿ ಉಟ್ಟ ಬಟ್ಟೇಲೇ ಮುಳುಗ್ಬೇಕು, ಆಮೇಲೆ ಮುಳ್ಳು ನೋಡ್ಬೇಕು. ಆಯ್ತಾ?”

“ಆಯ್ತವ್ವ.”

ಮಾರನೇ ದಿನ ಮಿಲ್ಲಲ್ಲಿ ಅಂಗಡಿ ಶೆಟ್ಟರ ಅಕ್ಕಿ ಮೂಟೆ ಹೊತ್ತ. ಗಾಡಿಗೆ ಇಳಿಸಿದ. ಇಳಿಸಿದವನೇ ಸೀದಾ ಕೆರೆಗೆ ನಡೆದ. ಉಟ್ಟ ಬಟ್ಟೆಯಲ್ಲಿ ಮುಳುಗಿದ, ಎದ್ದ, ಮುಳುಗಿದ, ಎದ್ದ. ಕೈಯಲ್ಲಿ ವಾಚು!

ಶೆಟ್ಟರು ಪಂಚೆ ಎತ್ತಿಕೊಂಡು ಓಡಿ ಬಂದರು. “ಅಯ್ಯೋ, ಯಾರೋ ಸತ್ತದ್ದು? ನಮ್ಮ ಮನೇಲಾ?”

“ಯಾರೂ ಸತ್ತಿಲ್ಲ ಶೆಟ್ರೇ, ನಿಮ್ಮ ಮೂಟೆ ಇಳಿಸ್ದೆ.”

“ನನ್ನ ಅಕ್ಕೀನ ಹೆಣ ಮಾಡ್ದೆಯಲ್ಲೋ ಮುಂಡೇದೇ!” ಶೆಟ್ಟರು ಕೊಡೆ ತಿರುಗಿಸಿ ಹಿಡಿದು ನಾಲ್ಕು ಬಿಟ್ಟರು.

ಬೀಳಲಿ ಬಿಡಿ, ಏಟು ಮಾಯುತ್ತೆ. ವಾಚು ಮಾತ್ರ ನಿಂತಿತು. ಒಂದು ಜೊತೆ ಎತ್ತಿನ ಬೆಲೆಯ ವಾಚು ಎರಡು ಮುಳುಗಿಗೆ ಸತ್ತೇಹೋಯಿತು. ಗಿಡ್ಡ ಮುಳ್ಳು ಹತ್ತು ದಾಟಿ ಅಲ್ಲೇ ಕೂತುಕೊಂಡಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸಣ್ಣಮ್ಮ ಮನೆಗೆ ಬಂದಳು. ಮುದ್ದೆ ಮುಚ್ಚಿಟ್ಟ ಹಾಗೇ ಇದೆ. ಚಿಕ್ಕೀರ ಗೋಡೆಗೆ ಒರಗಿ ಕೈ ನೋಡಿಕೊಂಡು ಕೂತಿದ್ದಾನೆ. ತುಟಿ ಒಣಗಿದೆ.

“ಯಾಕ್ಲಾ ಉಣ್ಣಲಿಲ್ಲ?”

“ಇನ್ನೂ ಚುಕ್ಕೆಗೆ ಬಂದಿಲ್ಲವ್ವ. ಇವತ್ತು ಹೊತ್ತೇ ಹೋಗ್ತಿಲ್ಲ.”

ಸಣ್ಣಮ್ಮ ಅವತ್ತು ಬೈಯಲಿಲ್ಲ. ತಾನಿಲ್ಲದ ದಿನ ಈ ಮನೆ ಹೇಗಿರುತ್ತೆ ಅಂತ ಕಣ್ಣಾರೆ ಕಂಡಳಲ್ಲ. ಮಗನ ತಟ್ಟೆಗೆ ಮುದ್ದೆ ಹಾಕಿ, ಉಣ್ಣು ಅಂದು, ಅವನು ಉಣ್ಣೋ ತನಕ ಅಳುತ್ತಾ ಎದುರಿಗೇ ಕೂತಿದ್ದಳು. ಬೈದದ್ದು ಬೆಳಿಗ್ಗೆ ಎದ್ದ ಮೇಲೆ.

“ಗೂಬೆ! ನೀರಿಗೆ ಬಿದ್ದದ್ದನ್ನ ತಕ್ಷಣ ಎತ್ತಿ ಬಿಸಿಲಿಗೆ ಹಾಕ್ಬೇಕು ಕಣ್ಲಾ! ಆಯ್ತಾ?”

“ಆಯ್ತವ್ವ.”

ಬೀದಿಗೆ ಬಂದ. ಮೀನು ಮಾರುವ ಗಂಗಮ್ಮ ತೊಟ್ಟಿ ತುಂಬ ಜೀವಂತ ಮೀನು ಬಿಟ್ಟುಕೊಂಡು, ಪಕ್ಕದ ಅಂಗಡಿಗೆ ಎಲೆ ಅಡಿಕೆಗೆ ಹೋಗಿದ್ದಳು. ಅಯ್ಯಯ್ಯೋ, ಇಷ್ಟೊಂದು ಮೀನು ನೀರಿಗೆ ಬಿದ್ದವೆ! ಚಿಕ್ಕೀರ ಒಂದೊಂದಾಗಿ ಎತ್ತಿದ, ಪಂಚೆಯಲ್ಲಿ ಒರೆಸಿದ, ಚಪ್ಪಡಿ ಮೇಲೆ ಬಿಸಿಲಿಗೆ ಸಾಲಾಗಿ ಮಲಗಿಸಿದ. ಅವು ಎಗರಿದರೆ ಮತ್ತೆ ಹಿಡಿದು ಮಲಗಿಸಿದ.

“ಏನೋ ಮಾಡ್ತಿದ್ದೀಯಾ ಪಾಪಿ!”

“ಒಣಗ್ಲಿ ಗಂಗಕ್ಕ, ಸರಿ ಹೋಗ್ತವೆ!”

ಗಂಗಮ್ಮ ಮೀನಿನ ಬುಟ್ಟಿಯಲ್ಲೇ ಬಡಿದಳು. ಅವ್ವ ಮತ್ತೆ ಹಣೆ ಚಚ್ಚಿಕೊಂಡಳು. “ಮಾಡೋಕೆ ಮುಂಚೆ ಸಾಮಾನು ತಿಳಿದೋರನ್ನ ಕೇಳ್ಬೇಕು ಕಣ್ಲಾ. ಅವರೇನು ಹೇಳ್ತಾರೋ ಹಂಗೇ ಮಾಡ್ಬೇಕು. ಆಯ್ತಾ?”

“ಆಯ್ತವ್ವ.”

ದೊಡ್ಡ ಬೆಲೆಯ ವಾಚು, ದೊಡ್ಡ ಅಂಗಡಿಗೇ ಹೋಗಲಿ ಅಂತ ಬಸ್ಸು ಹತ್ತಿಸಿ ಪೇಟೆಗೆ ಕಳಿಸಿದಳು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಟೈ ಕಟ್ಟಿದ ಮನುಷ್ಯ. ಆತ ವಾಚನ್ನು ಎರಡೇ ಬೆರಳಲ್ಲಿ ಹಿಡಿದು ತಿರುವಿ ನೋಡಿದ.

“ನೀರು ಹೋಗಿದೆ. ಇದು ರಿಪೇರಿ ಆಗಲ್ಲ. ಇದನ್ನ ಬಿಚ್ಚೋದಿಲ್ಲ, ಸೀಲು. ಬೇರೆ ತಗೊಳ್ಳಿ.”

“ಇದ್ರಲ್ಲಿ ಗಂಟೆ ನೋಡ್ಬೇಕು ಸ್ವಾಮಿ, ಊಟಕ್ಕೆ.”

ಆತ ನಕ್ಕ. “ಗಂಟೆ ನೋಡೋಕೆ ಯಾರ್ರೀ ಇಂಥ ವಾಚು ಕಟ್ತಾರೆ? ಇದು ನಾಲ್ಕು ಜನಕ್ಕೆ ತೋರಿಸೋಕೆ. ನಡೀತಿದ್ರೇನು, ನಿಂತ್ರೇನು? ಹೋಗಿ, ತೋರಿಸ್ಕೊಂಡು ಓಡಾಡಿ.”

ಕೇಳಿದಿರಾ ಮಾತು? ಆವತ್ತು ಆ ಅಂಗಡಿಯಲ್ಲಿ ಯಾರು ಪೆದ್ದ ಅಂತ ನನಗೆ ಈಗಲೂ ಬಗೆಹರಿದಿಲ್ಲ. ನಾನು ನಲವತ್ತು ವರ್ಷದಿಂದ ಅವರೂರಿನ ಇದೇ ಫುಟ್‌ಪಾತಿನಲ್ಲಿ ಈ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂತವನು. ಅಷ್ಟು ಬೆಲೆ ಕೊಟ್ಟದ್ದು ಹೆಚ್ಚು ಕಾಲ ಬರಬೇಕು, ಕೆಟ್ಟರೆ ಬಿಚ್ಚೋಕೆ ಬರಬೇಕು. ಬಿಚ್ಚೋಕೇ ಬರದ ಹಾಗೆ ಮಾಡಿದವನು ಅದನ್ನು ಮಾರೋ ದಿನವೇ ಅದರ ಕೈ ಬಿಟ್ಟ ಅಂತ ನನ್ನ ಲೆಕ್ಕ.

ಇರಲಿ. ಸಾಮಾನು ತಿಳಿದವರು ಹೇಳಿದರಲ್ಲ, ನಾಲ್ಕು ಜನಕ್ಕೆ ತೋರಿಸು ಅಂತ! ಚಿಕ್ಕೀರ ಬಾಗಿಲಲ್ಲಿದ್ದ ಕಾವಲಿನವನ ಮೂಗಿನ ಹತ್ತಿರ ಕೈ ಹಿಡಿದ. “ನೋಡಣ್ಣ.” ಒಂದು. ಮಜ್ಜಿಗೆ ಮಾರುವವಳಿಗೆ, “ನೋಡಕ್ಕ.” ಎರಡು. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ತೋರಿಸು ಅಂದರೆ ವಾಚು ತೋರಿಸಿದ. ಮೂರು!

“ತಮಾಷೆನಾ? ಇಳಿಯೋ ಕೆಳಗೆ!”

ಇಳಿದ. ಮಿಕ್ಕ ದಾರಿ ನಡೆದ. ನಾಲ್ಕನೆಯವರು ಸಿಗಲಿ ಅಂತ ಕೈ ಮುಂದೆ ಚಾಚಿಕೊಂಡೇ ನಡೆದ. ಒಬ್ಬರೂ ನಿಂತು ನೋಡಲಿಲ್ಲ. ಸಂಜೆ ಬಾಗಿಲಿಗೆ ಬಂದು ಅವ್ವನ ಮುಖದ ಮುಂದೆ ಕೈ ಹಿಡಿದ.

“ನೋಡವ್ವ. ನೀನೇ ನಾಲ್ಕನೇವ್ಳು. ಮುಗೀತು.”

ಸಣ್ಣಮ್ಮ ಕತೆಯೆಲ್ಲ ಕೇಳಿ ನಕ್ಕಳಂತೆ, ನಗುತ್ತಲೇ ಎದೆ ಹಿಡಿದುಕೊಂಡಳಂತೆ. “ನಂಗೆ ತೋರಿಸಿ ಏನ್ಲಾ ಕಂದ? ನಾನಿಲ್ದಾಗ ಅದು ನಿಂಗೆ ತೋರಿಸ್ಬೇಕಾಗಿತ್ತು.”

ಮಾರನೇ ದಿನ ಇಬ್ಬರೂ ನನ್ನ ಹತ್ತಿರ ಬಂದರು. ಇದೇ ಸ್ಟೂಲು. ಇಷ್ಟು ಹೊತ್ತು ಹೇಳಿದ್ದೆಲ್ಲ ಅವಳೇ ನನಗೆ ಹೇಳಿಕೊಂಡದ್ದು. ನಾನು ಕಣ್ಣಿಗೆ ಗಾಜು ಏರಿಸಿ ನೋಡಿದೆ. ಹಿಂದೆ ಮುಚ್ಚಳವೇ ಇಲ್ಲ, ಅಂಟು ಹಾಕಿ ಒಂದೇ ತುಂಡು ಮಾಡಿದ್ದಾರೆ. ನನ್ನ ಒಂದು ಆಯುಧವೂ ಹಿಡಿಯಲಿಲ್ಲ.

“ಆಗಲ್ಲ ಸಣ್ಣಮ್ಮ. ಒಡೀಬಹುದು, ಬಿಚ್ಚೋಕಾಗಲ್ಲ.”

“ಅಷ್ಟು ದೊಡ್ಡೋರ ವಾಚು, ಅಣ್ಣ!”

“ದೊಡ್ಡೋರದಾದ್ದಕ್ಕೇ ಈ ಗತಿ. ನಾಳೆ ಬಾ. ಒಂದು ಸಾದಾ ವಾಚು ಸರಿ ಮಾಡಿ ಇಟ್ಟಿರ್ತೀನಿ. ಅದಕ್ಕೆ ಚುಕ್ಕೆ ಇಡು. ನಿಂತ್ರೆ ನಾನಿದ್ದೀನಿ.”

ಅವಳ ಮುಖ ಸ್ವಲ್ಪ ಹಗುರವಾಯಿತು. “ನಾಳೆ ಬತ್ತೀನಣ್ಣ” ಅಂದಳು. ನಾನು ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಬುದ್ಧಿ ಹೇಳುವ ಚಟ ನೋಡಿ, ಚಿಕ್ಕೀರನ ಕಡೆ ತಿರುಗಿದೆ.

“ಲೋ, ಇನ್ಮೇಲೆ ಏನೇ ನಿಂತೋದ್ರೂ ಆ ಗಾಜಿನ ಅಂಗಡಿಗೆ ಹೋಗ್ಬೇಡ. ಮೊದ್ಲು ಕಿವಿ ಇಟ್ಟು ಕೇಳು. ಸದ್ದಿಲ್ಲ ಅಂದ್ರೆ ತಡ ಮಾಡ್ದೆ ಎತ್ಕೊಂಡು ನನ್ನ ಹತ್ರ ಬಾ. ಹಳೇದಾಗಿರ್ಲಿ, ಸವೆದಿರ್ಲಿ, ಸಾದಾ ಸಾಮಾನು ನನ್ನ ಕೈಲಿ ಆಗದೇ ಹೋದದ್ದಿಲ್ಲ. ಒಳಗೇನಾದ್ರೂ ಮುರಿದಿದ್ರೆ ಇನ್ನೊಂದರದ್ದು ತೆಗೆದು ಹಾಕ್ತೀನಿ. ಆಯ್ತಾ?”

“ಆಯ್ತಣ್ಣ.”

ಮಾರನೇ ಬೆಳಿಗ್ಗೆ ಸಾದಾ ವಾಚನ್ನು ಒರೆಸಿ ಪೆಟ್ಟಿಗೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಬೀದಿಯ ಆ ತುದಿಯಲ್ಲಿ ಜನ ದಾರಿ ಬಿಡುತ್ತಿದ್ದರು. ಚಿಕ್ಕೀರ ಬರುತ್ತಿದ್ದ. ಎರಡೂ ಕೈಯಲ್ಲಿ ಅವ್ವನನ್ನು ಎತ್ತಿಕೊಂಡಿದ್ದ. ಯಾರೂ ನಗಲಿಲ್ಲ. ಬಂದು, ನನ್ನ ಹಿಂದಿನ ಅಂಗಡಿಯ ಈ ಜಗಲಿ ಮೇಲೆ, ಮೊಟ್ಟೆ ಇಡುವ ಹಾಗೆ ಮೆಲ್ಲಗೆ ಮಲಗಿಸಿದ.

“ಅಣ್ಣ, ಅವ್ವ ಏಳ್ಲಿಲ್ಲ. ನೀನು ಹೇಳ್ದಂಗೆ ಎದೆಗೆ ಕಿವಿ ಇಟ್ಟು ಕೇಳ್ದೆ. ಸದ್ದಿಲ್ಲ. ಒಂದ್ ಚೂರೂ ತಡ ಮಾಡ್ಲಿಲ್ಲ.”

ನಾನು ಅವಳ ಕೈ ಮುಟ್ಟಿ ನೋಡಿದೆ. ತಣ್ಣಗಾಗಿತ್ತು.

ನಾನು ಆ ಕೈ ಬಿಡದೆ ಹಿಡಿದು ಕೂತದ್ದು ನೋಡಿ ಅವನೇ ನನಗೆ ಧೈರ್ಯ ಹೇಳಿದ. “ಹೆದರ್ಬೇಡಣ್ಣ, ಇವ್ಳು ದೊಡ್ಡೋರ ಸಾಮಾನಲ್ಲ. ಹಳೇವ್ಳು, ಸಾದಾ. ಆಗೇ ಆಯ್ತದೆ.” ಆಮೇಲೆ ಕೈಯಿಂದ ಆ ವಾಚು ಬಿಚ್ಚಿ ನನ್ನ ಪೆಟ್ಟಿಗೆ ಮೇಲೆ ಇಟ್ಟ. “ಒಳಗೇನಾದ್ರೂ ಮುರಿದಿದ್ರೆ ಇದರದ್ದು ತೆಗೆದು ಹಾಕು. ಬಿಚ್ಚೋಕೆ ಬರ್ದಿದ್ರೆ ಒಡೆದುಬಿಡು, ಪರವಾಗಿಲ್ಲ.”

ಅಷ್ಟು ಹೇಳಿ ಈ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತ. ಸ್ವಲ್ಪ ಹೊತ್ತು ಅವ್ವನನ್ನು ನೋಡಿದ, ಸ್ವಲ್ಪ ಹೊತ್ತು ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ ಅಂದ, “ನಿಧಾನ ಮಾಡಣ್ಣ, ನಾನು ಕಾಯ್ತೀನಿ. ಮಧ್ಯಾಹ್ನದೊಳಗೆ ಆದ್ರೆ ಸಾಕು. ಬೆಳಿಗ್ಗೆಯಿಂದ ಹಸಿವು, ಉಣ್ಣು ಅಂತ ಅವ್ಳು ಹೇಳ್ಬೇಕಲ್ಲ.”