ಬೆಳ್ಳಿಪೇಟೆಯ ದೆವ್ವವೂ ಬೊಮ್ಮಕ್ಕನೂ

ಹತ್ತಿರ ಬನ್ನಿ, ಕಾಲು ಮಡಿಸಿ ಕೂತುಕೊಳ್ಳಿ. ಹೊಳಲಗಿರಿ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಒಂದು ಬೋಳುಗುಡ್ಡ. ಗುಡ್ಡದ ಹೊಟ್ಟೆಯೊಳಗೆ ಬೆಳ್ಳಿ. ಬೆಳ್ಳಿ ಅಗೆಯುವವರು, ಕರಗಿಸುವವರು, ಅವರಿಗೆ ಉಪ್ಪು ಮೆಣಸಿನಕಾಯಿ ಮಾರುವವರು ಎಲ್ಲ ಸೇರಿ ಗುಡ್ಡದ ಮೇಲೆ ಒಂದು ಊರೇ ಎದ್ದಿತ್ತು. ಅದಕ್ಕೆ ಬೆಳ್ಳಿಪೇಟೆ ಅಂತ ಹೆಸರು.

ಒಂದು ದಿನ ಗಣಿಯ ಸುರಂಗ ಕುಸಿಯಿತು. ಒಳಗಿದ್ದವರು ಒಳಗೇ ಉಳಿದರು. ಗಣಿಯ ಉಸ್ತುವಾರಿ ಸಂಕಣ್ಣ ಅನ್ನುವ ಪಾರುಪತ್ತೇಗಾರನದು. ಅವನು ನೆಟ್ಟಗೆ ಅರಮನೆಗೆ ಹೋದ. ಗುಡ್ಡದ ಭೂತ ಮುನಿದಿದೆ, ಬೆಳ್ಳಿಯೂ ಬರಿದಾಗಿದೆ, ಇನ್ನು ಅಲ್ಲಿ ಒಂದು ಜೀವವೂ ಇರಬಾರದು ಅಂತ ರಾಜನಿಗೆ ಅರಿಕೆ ಮಾಡಿದ. ರಾಜ ನಂಬಿದ. ಸತ್ತವರನ್ನು ಹೊರಗೆ ತೆಗೆಯುವುದಕ್ಕೂ ಬಿಡದೆ ಜನರನ್ನು ಗುಡ್ಡದಿಂದ ಇಳಿಸಿಬಿಟ್ಟರು. ಒಲೆ ಮೇಲಿನ ಮಡಕೆ ಒಲೆ ಮೇಲೇ ಉಳಿಯಿತು. ಬೆಳ್ಳಿಪೇಟೆ ಹಾಳೂರಾಯಿತು.

ಹಾಗೆ ಇಳಿದು ಬಂದವರಲ್ಲಿ ಬೊಮ್ಮಕ್ಕ ಅಂತ ಒಬ್ಬ ಪುಟ್ಟ ಹುಡುಗಿ ಇದ್ದಳು. ಅವಳ ಅಪ್ಪ ಹಾಲಪ್ಪ ಗಣಿಯೊಳಗೆ ಉಳಿದಿದ್ದ. ಅವ್ವನ ಸೆರಗು ಹಿಡಿದುಕೊಂಡು, ಹಿಂದಕ್ಕೆ ತಿರುಗಿ ನೋಡುತ್ತ ನೋಡುತ್ತ ಇಳಿದಳು. ಗುಡ್ಡದ ಬುಡದ ಅಡಿಹಳ್ಳಿಯಲ್ಲೇ ಬೆಳೆದಳು, ಅಲ್ಲೇ ಮದುವೆಯಾದಳು, ಕೆಂಪಿ ಅನ್ನುವ ಹೆಣ್ಣುಮಗುವಿಗೆ ತಾಯಿಯೂ ಆದಳು. ಅವ್ವ ತೀರಿಕೊಂಡಳು. ಬೊಮ್ಮಕ್ಕ ಮಾತ್ರ ದಿನಾ ನೀರಿಗೆ ಹೋದಾಗ ಒಂದು ಸಲ ಕತ್ತೆತ್ತಿ ಗುಡ್ಡ ನೋಡುತ್ತಿದ್ದಳು.

ಅಡಿಹಳ್ಳಿಯವರು ಕುಡಿಯುವುದು ಆ ಗುಡ್ಡದಿಂದ ಇಳಿದು ಬರುವ ಹಳ್ಳದ ನೀರು. ಒಂದು ವರ್ಷ ಆ ನೀರು ಬೂದಿ ಬಣ್ಣಕ್ಕೆ ತಿರುಗಿತು. ಮೊದಲು ಮೀನು ಸತ್ತವು. ಆಮೇಲೆ ಎಮ್ಮೆಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಆಮೇಲೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ಹೊರಳಾಡತೊಡಗಿದರು. ಗುಡ್ಡದ ಮೇಲೆ ಹಗಲಲ್ಲೇ ಕರೀ ಹೊಗೆ ಏಳುತ್ತಿತ್ತು. ಭೂತ ಉಸಿರು ಬಿಡುತ್ತಿದೆ ಅಂದರು ಜನ.

ನೋಡಿಕೊಂಡು ಬಾ ಅಂತ ಊರಗೌಡ ಬೀರೇಗೌಡ ಗರಡಿಯ ಪೈಲ್ವಾನನನ್ನು ಕಳಿಸಿದ. ಅವನು ಹಾಳೂರಿನ ಅಗಸೆಬಾಗಿಲಲ್ಲಿ ಸರಪಳಿ ಎಳೆದ ಸದ್ದು ಕೇಳಿ, ರುಮಾಲು ಬಿದ್ದದ್ದೂ ತಿಳಿಯದೆ ಓಡಿಬಂದ. ಆಮೇಲೆ ಗೌಡ ಮಂತ್ರವಾದಿಯನ್ನು ಕಳಿಸಿದ. ಅವನು ಸಂತೆಬೀದಿಯವರೆಗೂ ಹೋಗಿ, ಮೇಲಿಂದ ಕಲ್ಲು ಬಿದ್ದ ಕೂಡಲೇ ನಿಂಬೆಹಣ್ಣು ಎಸೆದು ಬಂದ. ಈ ಊರನ್ನೇ ಬಿಟ್ಟು ಹೋಗೋಣ ಅಂತ ಕಟ್ಟೆಯಲ್ಲಿ ಮಾತಾಯಿತು.

ಅವತ್ತು ಕೆಂಪಿ ಗಂಜಿಯನ್ನೂ ಕಕ್ಕಿದಳು. ಬೊಮ್ಮಕ್ಕ ಮಗಳನ್ನು ಅತ್ತೆಯ ಮಡಿಲಲ್ಲಿ ಮಲಗಿಸಿ, ಸೆರಗು ಬಿಗಿದು ಎದ್ದಳು. ಹೆಂಗಸು ಒಬ್ಬಳೇ ಎಲ್ಲಿಗೆ ಅಂತ ಗೌಡ ತಡೆದ.

"ಒಂದು ಸಲ ಊರು ಬಿಡಿ ಅಂದರು, ಬಿಟ್ಟೆ ಗೌಡ್ರೇ. ಆಗ ನಾನು ಮಗು. ಇನ್ನೊಂದು ಸಲ ಯಾಕೆ ಬಿಡಬೇಕು ಅನ್ನೋದನ್ನ ಕಣ್ಣಾರೆ ನೋಡದೆ ಬಿಡೋದಿಲ್ಲ," ಅಂದಳು.

ಹತ್ತಿದಳು. ಅಗಸೆಬಾಗಿಲು ತಲುಪಿದಾಗ ಸರಪಳಿ ಝಣಝಣ ಅಂತು. ಅವಳ ಕಾಲು ನಡುಗಿದವು. ನಡುಗುವ ಕಾಲಲ್ಲೇ ನಡೆದಳು. ಸಂತೆಬೀದಿಯಲ್ಲಿ ಕಲ್ಲು ಬಿತ್ತು. ಅದು ಬಿದ್ದ ಜಾಗ ನೋಡಿ, ಸುತ್ತಿ ಬಳಸಿ ನಡೆದಳು. ಬೀದಿಯುದ್ದಕ್ಕೂ ಮಾಡು ಕುಸಿದ ಅಂಗಡಿಗಳು, ಕಿತ್ತು ಬಿದ್ದ ಬಾಗಿಲುಗಳು, ಕಟ್ಟೆಯ ಮೇಲೆ ಓತಿಕ್ಯಾತ. ಇಲ್ಲಿ ಮಂಡಕ್ಕಿ ಮಾರುತ್ತಿದ್ದರು, ಇಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆವು ಅಂತ ಒಂದೊಂದೇ ನೆನಪಾಯಿತು. ತನ್ನ ಮನೆಯ ಮುಂದೆ ಬಂದಳು. ಮೂರು ಗೋಡೆ ನಿಂತಿದ್ದವು. ಒಲೆಯ ಮೇಲೆ ಎಕ್ಕದ ಗಿಡ ಬೆಳೆದಿತ್ತು. ಅಲ್ಲಿ ಕೂತು ಅಳಬೇಕು ಅನ್ನಿಸಿತು. ಮಗಳ ಮುಖ ಕಣ್ಣಿಗೆ ಕಟ್ಟಿತು. ಕೂರಲಿಲ್ಲ, ಗಣಿಯ ಬಾಯಿಯವರೆಗೂ ಹೋದಳು.

ಗಣಿಯ ಬಾಯಿ ಕಪ್ಪಗಿತ್ತು. ಒಳಗಿಂದ ಒಂದು ದನಿ ಗುಡುಗಿತು. ಇಲ್ಲಿ ಮಣ್ಣುಪಾಲಾದವರು ನಾವು, ಒಂದು ಹೆಜ್ಜೆ ಮುಂದಿಟ್ಟರೆ ನಿನ್ನ ರಕ್ತ ಕುಡಿಯುತ್ತೇವೆ ಅಂತು.

ಮಣ್ಣುಪಾಲಾದವರು ಅಂದ ಕೂಡಲೇ ಬೊಮ್ಮಕ್ಕನ ಭಯವೆಲ್ಲ ಎಲ್ಲಿ ಹೋಯಿತೋ ಏನೋ. "ಹಾಲಪ್ಪ ಅಂತ ನಮ್ಮಪ್ಪ. ನಿಮ್ಮ ಜೊತೆ ಇದ್ದಾನಾ?" ಅಂದಳು.

ದನಿ ತಗ್ಗಿತು. ಆಮೇಲೆ ಮೆತ್ತಗಾಯಿತು. "ನಾನೇ ನಿಮ್ಮಪ್ಪ ಹಾಲಪ್ಪ, ಮಗಳೇ. ನನ್ನ ಮಾತು ಕೇಳು, ಹೊರಟು ಹೋಗು."

ಬೊಮ್ಮಕ್ಕನ ಎದೆ ಝಲ್ಲೆಂದಿತು. ಆಮೇಲೆ ತಣ್ಣಗಾಯಿತು. ಯಾಕೆ ಅಂದರೆ ಹಾಲಪ್ಪ ಹುಟ್ಟುಮೂಗ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತೋರಿಸಿದವನು, ಮಗಳೇ ಅಂತ ಒಂದು ಸಲವೂ ಕರೆಯಲಾರದೆ ಹೋದವನು. ಹಾಲಪ್ಪ ಮೂಗ ಅನ್ನುವುದೂ ತಿಳಿಯದ, ಆಳುಗಳ ಮುಖವನ್ನೇ ನೋಡದವರು ಯಾರೋ ಒಳಗೆ ಕೂತು ಮಾತಾಡುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಗಿಹೋಯಿತು. ದನಿಯ ಹಿಂದೆ ಕುಲುಮೆಯ ತಿದಿ ಊದುವ ಸದ್ದು ಸಣ್ಣಗೆ ಕೇಳಿತು. ಪಕ್ಕದಲ್ಲಿ ನೋಡಿದರೆ ಬೆಳ್ಳಿ ಕರಗಿಸಿ ಉಳಿದ ಕಿಟ್ಟ ರಾಶಿ ರಾಶಿಯಾಗಿ ಹಳ್ಳಕ್ಕೆ ಬಿದ್ದಿತ್ತು.

ಸಿಟ್ಟು ಬಂತು. ನುಂಗಿಕೊಂಡಳು. ಒಳಗೆ ಎಷ್ಟು ಜನ ಇದ್ದಾರೋ, ತಾನು ಒಬ್ಬಳು. ನೆಲಕ್ಕೆ ಹಣೆ ಹಚ್ಚಿ, ಅಳುವವಳ ಹಾಗೆ ಹೇಳಿದಳು: "ಅಪ್ಪಾ, ನೀನು ಒಲೆಯ ಬುಡದಲ್ಲಿ ಬೆಳ್ಳಿಗಟ್ಟಿ ಹೂತಿಟ್ಟಿದ್ದೀಯ ಅಂತ ಅವ್ವ ಸಾಯುವಾಗ ಹೇಳಿದಳು. ಸಂತೆಬೀದಿಯ ಕೊನೆಯಲ್ಲಿ, ಒಲೆ ಮೇಲೆ ಎಕ್ಕ ಬೆಳೆದಿರುವ ಮನೆ. ನಾಳೆ ಊರವರನ್ನ ಕರಕೊಂಡು ಬಂದು ಅಗೆದುಕೊಳ್ಳಲಾ?"

ನಾಳೆ ಬೇಡ, ದಿನ ಒಳ್ಳೆಯದಲ್ಲ, ಅಮಾವಾಸ್ಯೆ ಕಳೆದ ಮೇಲೆ ಬಾ ಅಂತು ದನಿ, ಬಹಳ ಅವಸರದಲ್ಲಿ.

"ನೀನು ಹೇಳಿದ ಹಾಗೇ ಆಗಲಿ ಅಪ್ಪಾ," ಅಂದು ಇಳಿದು ಬಂದಳು.

ಗೌಡನ ಜಗಲಿಗೆ ಹೋಗಿ ಎಲ್ಲ ಹೇಳಿದಳು. ಪೈಲ್ವಾನ ಒಪ್ಪಲಿಲ್ಲ, ಮಂತ್ರವಾದಿ ಒಪ್ಪಲಿಲ್ಲ. ನಮ್ಮಪ್ಪ ಮೂಗ ಅನ್ನುವುದಕ್ಕೆ ಬೆಳ್ಳಿಪೇಟೆಯಿಂದ ಬಂದ ಹಳಬರೇ ಸಾಕ್ಷಿ, ಕೇಳಿ ಅಂದಳು. ಹಳಬರು ಹೌದೆಂದು ತಲೆಯಾಡಿಸಿದರು. ಬೀರೇಗೌಡ ದೊಣ್ಣೆ ಕೈಗೆ ತೆಗೆದುಕೊಂಡ.

ಹೊತ್ತು ಮೂಡುವಾಗ ಊರಿಗೆ ಊರೇ ಗುಡ್ಡ ಹತ್ತಿತು. ಸರಪಳಿ ಸದ್ದಿಲ್ಲ, ಕಲ್ಲಿಲ್ಲ. ಎಕ್ಕದ ಗಿಡದ ಮನೆಯಿಂದ ಮಾತ್ರ ಹಾರೆಯ ಸದ್ದು. ಇಣುಕಿ ನೋಡಿದರೆ ಒಲೆ ಕಿತ್ತು ಬಿದ್ದಿದೆ, ಇಲ್ಲದ ಬೆಳ್ಳಿಗಟ್ಟಿ ಹುಡುಕಿ ನೆಲವೆಲ್ಲ ಗುಂಡಿ. ಎದೆಮಟ್ಟದ ಗುಂಡಿಯೊಳಗೆ ಮೈಯೆಲ್ಲ ಬೂದಿ ಬಳಿದುಕೊಂಡ ಒಬ್ಬ ಮುದುಕ. ಪರನಾಡಿನ ಇಬ್ಬರು ಆಳುಗಳು ಮಣ್ಣು ಎತ್ತಿ ಹಾಕುತ್ತಿದ್ದಾರೆ. ಮುದುಕನ ಹಣೆಯಿಂದ ಬೆವರು ಇಳಿದು, ಬೂದಿ ತೊಳೆದು, ಮುಖ ಕಾಣಿಸುತ್ತಿತ್ತು. ಪಾರುಪತ್ತೇಗಾರ ಸಂಕಣ್ಣ.

"ದೆವ್ವಕ್ಕೂ ಬೆವರು ಬರುತ್ತದೆ ಅಂತ ಇವತ್ತು ಗೊತ್ತಾಯಿತು," ಅಂದಳು ಬೊಮ್ಮಕ್ಕ.

ಆಳುಗಳು ಗುದ್ದಲಿ ಬಿಟ್ಟು ಕೈಮುಗಿದರು. ಸಂಕಣ್ಣನಿಗೆ ಗುಂಡಿಯಿಂದ ಮೇಲೆ ಬರುವುದಕ್ಕೇ ಆಗಲಿಲ್ಲ. ಊರವರೇ ಎತ್ತಿ, ಕೈಕಟ್ಟಿ ಅರಮನೆಗೆ ನಡೆಸಿದರು.

ಗದ್ದುಗೆಯ ಮೇಲೆ ಈಗ ಹಳೇ ರಾಜನ ಮಗ. ಅವನ ಮುಂದೆ ಸಂಕಣ್ಣ ಎಲ್ಲ ಕಕ್ಕಿದ. ಗಣಿಯಲ್ಲಿ ಬೆಳ್ಳಿ ಬರಿದಾಗಿರಲಿಲ್ಲ. ಸುರಂಗಕ್ಕೆ ಆಸರೆಯಾಗಿ ಬಿಟ್ಟಿದ್ದ ಕಲ್ಲುಕಂಬಗಳಲ್ಲಿ ಬೆಳ್ಳಿ ಕಂಡು, ಆ ಕಂಬಗಳನ್ನೇ ಒಡೆಸಿದ್ದ. ಅದಕ್ಕೇ ಸುರಂಗ ಕುಸಿದದ್ದು. ತಪ್ಪು ಮುಚ್ಚುವುದಕ್ಕೆ ಭೂತ ಹುಟ್ಟಿಸಿದ. ಎಲ್ಲರೂ ಮರೆತ ಮೇಲೆ ಬೆಳ್ಳಿ ಕದಿಯುವುದಕ್ಕೆ ಅದೇ ಭೂತವನ್ನು ಕಾವಲಿಟ್ಟ.

ರಾಜ ಅವನನ್ನು ಸೆರೆಮನೆಗೆ ಹಾಕಲಿಲ್ಲ. ಹಳ್ಳಕ್ಕೆ ಸುರಿದ ಕಿಟ್ಟವನ್ನೆಲ್ಲ ನಿನ್ನ ಕೈಯಾರೆ ಎತ್ತು, ನೀರು ತಿಳಿಯಾಯಿತು ಅಂತ ನೀನು ಹೇಳಿದ ದಿನ ಊರವರ ಮುಂದೆ ಮೊದಲ ತಂಬಿಗೆ ನೀನೇ ಕುಡಿ ಅಂದ. ಸಂಕಣ್ಣ ಬಗ್ಗಿದ ಬೆನ್ನು ಎತ್ತದೆ ಬಾಚಿದ, ನೀರು ತಿಳಿಯಾದ ದಿನ ಎಲ್ಲರ ಮುಂದೆ ಮೊದಲ ತಂಬಿಗೆ ಕುಡಿದ. ಅಷ್ಟು ದಿನ ಊರವರು ದೂರದ ಕೆರೆಯಿಂದ ನೀರು ಹೊತ್ತರು. ಮಕ್ಕಳು ಚೇತರಿಸಿಕೊಂಡರು. ಕೆಂಪಿಯೂ ಎದ್ದು ಓಡಾಡಿದಳು.

ಬೆಳ್ಳಿಯಲ್ಲಿ ಏನು ಬೇಕೋ ಕೇಳು ಅಂದ ರಾಜನಿಗೆ ಬೊಮ್ಮಕ್ಕ ಬೆಳ್ಳಿ ಬೇಡ ಅಂದಳು. ಸುರಂಗ ತೆಗೆಸಿಕೊಡಿ ಅಂದಳು. ತೆಗೆಸಿದರು. ಮಣ್ಣಿನೊಳಗೆ ಯಾರದು ಯಾವ ಮೂಳೆ ಅಂತ ಗುರುತಾಗಲಿಲ್ಲ. ಎಲ್ಲರನ್ನೂ ಒಟ್ಟಿಗೆ, ಗುಡ್ಡದ ಬಿಸಿಲು ಬೀಳುವ ಕಡೆ ಮಣ್ಣು ಮಾಡಿ, ಪ್ರತಿಯೊಬ್ಬರ ಹೆಸರು ಹಿಡಿದು ಒಂದೊಂದು ಬೊಗಸೆ ನೀರು ಬಿಟ್ಟರು. ಹಾಲಪ್ಪನ ಹೆಸರಿಗೆ ಬೊಮ್ಮಕ್ಕ ಬಿಟ್ಟಳು. ಅವಳ ಪಕ್ಕದಲ್ಲಿ ನಿಂತು ಕೆಂಪಿಯೂ ಬಿಟ್ಟಳು.

ಇದರಿಂದ ತಿಳಿಯಬೇಕಾದದ್ದು ಇಷ್ಟು, ಮಕ್ಕಳೇ. ಅಲ್ಲಿ ಹೋಗಬೇಡ, ದೆವ್ವ ಇದೆ ಅಂತ ಯಾರಾದರೂ ಹೆದರಿಸಿದರೆ, ನೀವು ಹೆದರಿ ಕೂತರೆ ಲಾಭ ಯಾರಿಗೆ ಅಂತ ಮೊದಲು ಕೇಳಿಕೊಳ್ಳಿ. ಆಮೇಲೆ ಕಾಲು ನಡುಗಿದರೂ ಸರಿ, ಹೋಗಿ ನೋಡಿ. ಬೊಮ್ಮಕ್ಕನ ಕಥೆ ಇಲ್ಲಿಗೆ ಆಯಿತು, ಇನ್ನು ಎದ್ದು ಕೈಕಾಲು ತೊಳೆದು ಊಟಕ್ಕೆ ನಡೆಯಿರಿ.