ಓದದೆ ಹಾಕಿದ ಕೊಂಡಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಕುಡಿತ ಬಿಡಬೇಕೆಂದವರು ಅಲ್ಲಿಗೆ ಬರುತ್ತಿದ್ದರು. ಅಂದಾನಮ್ಮ ಎಂಬ ತಾಯಿ ಅದರ ಗುರು. ಬಂದವರೆಲ್ಲ ಅವರನ್ನು ಅವ್ವ ಎನ್ನುತ್ತಿದ್ದರು.

ಗುರುಗಳೆಂದರೆ ಸಿಟ್ಟೇ ಬಾರದವರು ಎಂದು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಅವ್ವನಿಗೆ ಬರುತ್ತಿತ್ತು, ಬರಬೇಕಾದಲ್ಲಿ ಬರುತ್ತಿತ್ತು. ಈ ಕಥೆ ಹೇಳುವಾಗ ನನಗೂ ಬರುತ್ತದೆ. ಅದನ್ನು ಮುಚ್ಚಿಟ್ಟು ಹೇಳುವ ಶಾಂತಿ ನನಗಿನ್ನೂ ಬಂದಿಲ್ಲ.

ಶಿಷ್ಯನ ಹೆಸರು ಫಕೀರೇಶ. ಕುಡಿತ ಬಿಡಲು ಬಂದವನು, ಬಿಟ್ಟ ಮೇಲೂ ಅಲ್ಲಿಂದ ಹೋಗಲಿಲ್ಲ. ಹಿಂದೆ ಯಾವುದೋ ಊರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ.

ಅವನು ಬಂದ ಹೊಸದರಲ್ಲಿ ಒಬ್ಬ ದಾರಿಹೋಕ ನಿಂತು, ದೋಣಿ ಸಿಗುವ ಜಾಗ ಎಲ್ಲಿ ಎಂದು ಕೇಳಿದ. ಫಕೀರೇಶ ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೈ ಚಾಚಿದ. ಅವ್ವ ಒಳಗಿನಿಂದ ಬಂದು ಚಪ್ಪಲಿ ಮೆಟ್ಟಿ ದಾರಿಹೋಕನ ಜೊತೆ ಹೊರಟರು. ದೋಣಿ ಕಣ್ಣಿಗೆ ಬೀಳುವವರೆಗೂ ನಡೆದು ಹಿಂದಿರುಗಿದರು.

“ದಾರಿ ತೋರಸೂದು ಕೈ ಕೆಲಸ ಅಲ್ಲಪಾ,” ಎಂದರು. “ಕಾಲಿಂದು.”

ಆಶ್ರಮದ ರೂಢಿಯೇ ಅದು. ಇಲ್ಲಿಂದ ಯಾರನ್ನಾದರೂ ಬೇರೆ ಕಡೆ ಕಳಿಸುವುದಿದ್ದರೆ ಅವ್ವ ಮೊದಲು ತಾವೇ ಹೋಗಿ ಬರುತ್ತಿದ್ದರು. ಪಟ್ಟಣದ ಮನೋವೈದ್ಯರ ಆಸ್ಪತ್ರೆಗೆ ಹೋಗಿ, ರೋಗಿಗಳ ನಡುವೆ ಕೂತು, ಆ ವೈದ್ಯರು ಬಡವರ ಜೊತೆ ಹೇಗೆ ಮಾತಾಡುತ್ತಾರೆ ಎಂದು ನೋಡಿ ಬಂದಿದ್ದರು. ಆಮೇಲೆಯೇ ಅವರ ಹೆಸರು ಅವ್ವನ ಬಾಯಿಗೆ ಬಂದದ್ದು.

ಫಕೀರೇಶ ಆಶ್ರಮಕ್ಕೊಂದು ವೆಬ್‌ಸೈಟ್ ಮಾಡಿದ. ಮೇಲೆ ಅವ್ವನ ಫೋಟೋ, ಕೆಳಗೆ ಅವರ ನಾಲ್ಕು ಮಾತು, ಕೊನೆಗೆ ‘ನಮ್ಮವರು’ ಎಂಬ ಪುಟ. ಆ ಪುಟದಲ್ಲಿ ಅವ್ವ ಕಣ್ಣಾರೆ ಕಂಡು ಬಂದಿದ್ದ ಎರಡು ಮೂರು ಕಡೆಯ ಲಿಂಕ್ ಇದ್ದವು, ಅಷ್ಟೇ.

ಆ ವೆಬ್‌ಸೈಟ್ ಯಾರ ಕಣ್ಣಿಗೂ ಬೀಳಲಿಲ್ಲ. ಕುಡಿತ ಬಿಡುವುದು ಹೇಗೆಂದು ಯಾರಾದರೂ ಹುಡುಕಿದರೆ ಮೊದಲು ಸಿಗುವವರು ಪುಡಿ ಮಾರುವವರು, ತಾಯತ ಮಾರುವವರು. ಆಶ್ರಮದ ಹೆಸರು ಎಲ್ಲೋ ತಳದಲ್ಲಿ ಬಿದ್ದಿತ್ತು. ಫಕೀರೇಶನ ಹೊಟ್ಟೆ ಉರಿಯಿತು. ಅದು ನ್ಯಾಯವಾದ ಉರಿಯೇ, ಅದನ್ನು ಒಪ್ಪುತ್ತೇನೆ.

ಒಂದು ದಿನ ಅವನು ಅವ್ವನ ಮುಂದೆ ಬಂದು ಕೂತ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

ಒಂದು ಸಾಫ್ಟ್‌ವೇರ್ ಸಿಕ್ಕಿದೆ ಎಂದ. ನಾವು ಬೇರೆಯವರ ಲಿಂಕನ್ನು ನಮ್ಮ ಪುಟದಲ್ಲಿ ಹಾಕುವುದು, ಅವರು ನಮ್ಮದನ್ನು ಅವರ ಪುಟದಲ್ಲಿ ಹಾಕುವುದು. ಹೆಚ್ಚು ಜನ ನಮ್ಮ ಹೆಸರು ಹೇಳಿದಷ್ಟೂ ನಾವು ಮೇಲೆ ಬರುತ್ತೇವೆ. ಕೈಯಿಂದ ಮಾಡಿದರೆ ವರ್ಷಗಟ್ಟಲೆ ಹಿಡಿಯುವ ಕೆಲಸ. ಇದಾದರೆ ತಾನೇ ವೆಬ್‌ಸೈಟ್ ಹುಡುಕುತ್ತದೆ, ತಾನೇ ಅವರಿಗೆ ಬರೆಯುತ್ತದೆ, ತಾನೇ ಲಿಂಕ್ ಹಾಕುತ್ತದೆ. ನಾವು ಮಲಗಿದ್ದರೂ ನಡೆಯುತ್ತದೆ.

ಅದು ಬರೆಯುವ ಮಾತನ್ನೂ ಓದಿ ಹೇಳಿದ. ‘ನಿಮ್ಮ ವೆಬ್‌ಸೈಟನ್ನು ಮನಸ್ಸಿಟ್ಟು ಓದಿದೆವು. ಬಹಳ ಹಿಡಿಸಿತು. ನಾವು ಸ್ನೇಹಿತರಾಗೋಣ.’

ಅವ್ವನ ಕೈ ಮೊರದ ಮೇಲೆ ನಿಂತಿತು.

“ಅದು ಓದತೈತೇನು?”

“ಇಲ್ರಿ ಅವ್ವಾರ. ಅದಕ ಅದೆಲ್ಲಾ ತಿಳಿಯಂಗಿಲ್ಲ.”

“ಹಂಗಾರ ಓದೇವಿ ಅಂತ ಯಾಕ ಬರಿತೈತಿ?”

ಎಲ್ಲರೂ ಹಾಗೇ ಬರೆಯುತ್ತಾರೆ ಎಂದ ಫಕೀರೇಶ. ಆ ಕಡೆ ಉತ್ತರ ಕೊಡುವುದೂ ಇಂಥದೇ ಇನ್ನೊಂದು ಯಂತ್ರ, ಯಾರಿಗೂ ಬೇಸರವಿಲ್ಲ ಎಂದ.

ಅವ್ವ ಜೋಳದಿಂದ ಒಂದು ಕಲ್ಲು ಆರಿಸಿ ಎಸೆದರು.

“ಈ ಲಿಂಕಿಗೆ ಕನ್ನಡದಾಗ ಏನಂತಾರ?”

“ಕೊಂಡಿ ಅಂತಾರ್ರಿ.”

“ಕೊಂಡಿ ಚೇಳಿಗೂ ಇರತೈತಿ,” ಎಂದರು ಅವ್ವ. “ತೂಗಿ ನೋಡು.”

ಫಕೀರೇಶ ಎಡವಿದ್ದು ಇಲ್ಲೇ. ಅವ್ವ ‘ತೂಗಿ ನೋಡು’ ಎಂದದ್ದು ಅವನಿಗೆ ‘ಹಾಕಿ ನೋಡು’ ಎಂದು ಕೇಳಿಸಿತು. ಮನಸ್ಸಿಗೆ ಬೇಕಾದದ್ದೇ ಕಿವಿಗೆ ಬೀಳುತ್ತದೆ.

ತೂಗಲಿಲ್ಲ ಎಂದಲ್ಲ. ತೂಗಿದ. ಒಂದು ಕಡೆ ತನ್ನ ಕೈಯ ಶ್ರಮ, ಇನ್ನೊಂದು ಕಡೆ ಯಂತ್ರದ ವೇಗ. ಯಂತ್ರದ ತಟ್ಟೆ ಭಾರವಾಗಿ ಕೆಳಗಿಳಿಯಿತು. ಸಾಫ್ಟ್‌ವೇರಿಗೆ ಆಶ್ರಮದ ವೆಬ್‌ಸೈಟಿನ ಕೀಲಿ, ಅದರ ಪಾಸ್‌ವರ್ಡ್, ಕೊಟ್ಟು ಅವನು ನದಿಗೆ ಸ್ನಾನಕ್ಕೆ ಹೋದ.

‘ನಮ್ಮವರು’ ಪುಟ ಹನುಮಂತನ ಬಾಲದ ಹಾಗೆ ಬೆಳೆಯಿತು. ಯಾರು ನಮ್ಮವರಾದರು ಎಂದು ಅವನು ಇಳಿದು ನೋಡಲಿಲ್ಲ. ನೋಡುವ ಕೆಲಸ ತಪ್ಪಲಿ ಎಂದೇ ಅಲ್ಲವೇ ಯಂತ್ರ ತಂದದ್ದು.

ನೋಡಿ, ಈ ಅನ್ಯಾಯ ನನಗೆ ಸಹಿಸಲಾಗುವುದಿಲ್ಲ. ಒಂದು ಯಂತ್ರ ‘ಓದಿದೆವು’ ಎನ್ನುತ್ತದೆ, ಓದಿರುವುದಿಲ್ಲ. ಇನ್ನೊಂದು ‘ನಾವೂ ಓದಿದೆವು’ ಎನ್ನುತ್ತದೆ, ಅದೂ ಓದಿರುವುದಿಲ್ಲ. ಇದಕ್ಕೆ ಸ್ನೇಹ ಎಂದು ಹೆಸರು. ದನದ ಸಂತೆಯ ದಲ್ಲಾಳಿ ಕೂಡ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿಯೇ ಅದನ್ನು ಹೊಗಳುತ್ತಾನೆ. ಇವರಿಗೆ ಅಷ್ಟು ನಾಚಿಕೆಯೂ ಬೇಡವಾಯಿತು.

ಆಶ್ರಮದ ಹೆಸರು ಮೇಲೆ ಬಂತು. ಫಕೀರೇಶ ಹಿಗ್ಗಿ ಹೀರೇಕಾಯಿಯಾಗಿ ಅವ್ವನಿಗೆ ಹೇಳಲು ಓಡಿದ. ಈಗ ಬಹಳ ಜನ ಬರುತ್ತಿದ್ದಾರೆ ಎಂದ.

“ಯಾರ‍್ಯಾರು ಬಂದ್ರು?” ಎಂದು ಕೇಳಿದರು ಅವ್ವ.

ಅವನು ಸಂಖ್ಯೆ ಹೇಳಿದ.

“ಎಷ್ಟು ಅಂತ ಕೇಳಲಿಲ್ಲ,” ಎಂದರು.

ಕೆಲವು ದಿನಗಳ ಮೇಲೆ, ಮಧ್ಯಾಹ್ನದ ಊಟದ ಹೊತ್ತಿಗೆ, ಒಬ್ಬ ಹೆಂಗಸು ಅಂಗಳಕ್ಕೆ ಬಂದಳು. ಚಪ್ಪಲಿ ಬಿಡಲಿಲ್ಲ, ಕೈ ಮುಗಿಯಲಿಲ್ಲ. ನೀವೇ ಏನು ಆ ಅವ್ವ ಎಂದು ಕೇಳಿದಳು.

ಅವಳ ಹೆಸರು ಸಾಂವಕ್ಕ. ಪಟ್ಟಣದಲ್ಲಿ ಬಟ್ಟೆ ಹೊಲಿಯುವವಳು. ಗಂಡ ಶಿವಪುತ್ರ ಕುಡಿಯುತ್ತಿದ್ದ. ಆಶ್ರಮಕ್ಕೆ ಹೋಗೋಣ ಎಂದರೆ ಒಪ್ಪುತ್ತಿರಲಿಲ್ಲ. ಅವಳು ಮೊಬೈಲಿನಲ್ಲಿ ಆಶ್ರಮದ ವೆಬ್‌ಸೈಟ್ ತೆರೆದು ಅವ್ವನ ಮಾತುಗಳನ್ನು ಓದಿದ್ದಳು. ಕೊನೆಗೆ ‘ನಮ್ಮವರು’ ಎಂದಿದ್ದನ್ನು ಒತ್ತಿದ್ದಳು. ಅಲ್ಲೊಂದು ಪುಡಿ ಇತ್ತು, ಗಂಡನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವಂಥದು.

ತರಿಸಿದಳು. ಬೆರೆಸಿದಳು. ಉಂಡು ಏಳುವಷ್ಟರಲ್ಲಿ ಶಿವಪುತ್ರ ವಾಂತಿ ಮಾಡಿಕೊಂಡು ಬಿದ್ದ.

“ನಾ ಆ ಪುಡಿ ನಂಬಿರಲಿಲ್ರಿ,” ಎಂದಳು ಸಾಂವಕ್ಕ. “ನಿಮ್ಮ ಮಾರಿ ನೋಡಿ ನಂಬಿದ್ನಿ.”

ಅವನನ್ನು ಆಸ್ಪತ್ರೆಗೆ ಸೇರಿಸಿದ್ದಳು, ಜೀವಕ್ಕೆ ಅಪಾಯವಿಲ್ಲ ಎಂದು ವೈದ್ಯರು ಹೇಳಿದ್ದರು. ಅವಳನ್ನು ಇಲ್ಲಿಗೆ ಓಡಿಸಿಕೊಂಡು ಬಂದದ್ದು ಬೇರೆಯದೇ.

“ನಮ್ಮ ಮನಿಯವ್ರು ನನ್ನ ಕೈಯಾಗಿನ ತುತ್ತು ಮುಟ್ಟವಲ್ರು. ವಿಷಾ ಹಾಕಿದಾಕಿ ಅಂತಾರ. ಇನ್ನ ಆ ಮನಿಯಾಗ ನಾ ಒಲಿ ಹೆಂಗ ಹಚ್ಚಲಿ, ಹೇಳ್ರಿ.”

ಅವ್ವ ಫಕೀರೇಶನ ಕಡೆ ತಿರುಗಿದರು. ಅವನು ಪುಟ ತೆರೆದ. ಪುಡಿ ಅಲ್ಲಿತ್ತು. ಅದರ ಮೇಲೊಂದು ಇಸ್ಪೀಟಿನ ಆಟ, ಕೆಳಗೊಂದು ವಶೀಕರಣದ ಅಂಗಡಿ. ಎಲ್ಲದರ ನೆತ್ತಿಯ ಮೇಲೆ ಅವ್ವನ ನಗುಮುಖ.

“ನಾ ಹಾಕಿಲ್ರಿ ಅವ್ವಾರ,” ಎಂದ. “ಆ ಸಾಫ್ಟ್‌ವೇರ್ ತಾನ ಹಾಕೇತಿ.”

ಅವ್ವ ಎದ್ದು ನಿಂತರು. ಅವರ ದನಿ ಏರಲಿಲ್ಲ, ಆದರೆ ಊಟಕ್ಕೆ ಕೂತಿದ್ದವರೆಲ್ಲ ತುತ್ತು ಬಿಟ್ಟರು.

“ಮಾರಿ ಯಾರದು?”

“ನಿಮ್ದರಿ.”

“ಕೀಲಿ ಯಾರ ಕೈಯಾಗಿತ್ತು?”

“ನನ್ನ ಕೈಯಾಗರಿ. ನಾನ ಅದಕ ಕೊಟ್ನಿ.”

“ಬಾಗಲಾ ತಗದಿಟ್ಟು ಮಲಗಿದಾಂವ, ಕಳ್ಳನ್ನ ನಾ ಕರದಿಲ್ಲ ಅಂತಾನ,” ಎಂದರು ಅವ್ವ.

ಈಗಲೇ ತೆಗೆದು ಹಾಕುತ್ತೇನೆ ಎಂದ. ತಪ್ಪಾಯಿತೆಂದು ಪುಟದ ಮೇಲೆ ದೊಡ್ಡದಾಗಿ ಬರೆಯುತ್ತೇನೆ ಎಂದ.

“ತಗಿ. ಬರಿ. ಈಕಿ ಗಂಡ ಅದನ್ನ ಓದಿ ಊಟಕ್ಕ ಕೂಡತಾನೇನು?”

ಅವನು ಅಲ್ಲೇ ಕೂತು ಪುಟವನ್ನು ಅಳಿಸಿದ, ಸಾಫ್ಟ್‌ವೇರನ್ನೂ ಕಿತ್ತು ಹಾಕಿದ. ಆದರೂ ಒಳಗೊಂದು ಮುಳ್ಳು ಉಳಿದಿತ್ತು. ಅವತ್ತು ಬೇಡ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಅವ್ವಾರ, ತೂಗಿ ನೋಡು ಎಂದಿರಲ್ಲ ಎಂದ.

“ತೂಗಿದ್ಯಲ್ಲ. ತಕ್ಕಡಿ ಮ್ಯಾಲೆ ಏನೇನಿಟ್ಟಿ?”

“ನನ್ನ ಶ್ರಮಾರಿ. ಯಂತ್ರದ ಕೆಲಸಾರಿ.”

“ಈಕೀನ್ನ ಎಲ್ಲಿಟ್ಟಿದ್ದಿ?”



ಅವ್ವ ಸಾಂವಕ್ಕನ ಮುಂದೆ ಕೈ ಮುಗಿದರು. ಇದರಲ್ಲಿ ತಮ್ಮದೂ ತಪ್ಪಿದೆ, ಒಮ್ಮೆ ಹೇಳಿ ಮತ್ತೆ ವಿಚಾರಿಸಲಿಲ್ಲ ಎಂದರು. ಸಾಂವಕ್ಕ ಕರಗಲಿಲ್ಲ. ಯಾಕೆ ಕರಗಬೇಕು? ನೀವು ಕೈ ಮುಗಿದರೆ ನನ್ನ ಮನೆ ಸರಿಹೋಗುತ್ತದೇನು ಎಂದು ಕೇಳಿದಳು.

“ಇಲ್ಲ ತಂಗಿ,” ಎಂದರು ಅವ್ವ. “ಅಡಗಿಮನಿ ಅಲ್ಲೈತಿ. ಅವಗ ಸೇರೂದೇನೈತಿ, ನಿನ್ನ ಕೈಯಾರೆ ಮಾಡು.”

 ಸಾಂವಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಜೋಳದ ನುಚ್ಚು ಬೇಯಿಸಿದಳು, ಮಜ್ಜಿಗೆ ಕಡೆದಳು, ಡಬ್ಬಿಗೆ ತುಂಬಿದಳು. ಅವ್ವ ಆಗಲೇ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದರು. ಡಬ್ಬಿ ಹಿಡಿಯುವ ಕೆಲಸ ಫಕೀರೇಶನಿಗೆ ಬಂತು.

ಮೂವರೂ ಬಸ್ಸು ಹಿಡಿದು ಆಸ್ಪತ್ರೆಗೆ ಹೋದರು. ಶಿವಪುತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿಯ ದನಿ ಕೇಳಿ ಹೊರಳಿ ನೋಡಿದವನು, ಡಬ್ಬಿ ಕಂಡೊಡನೆ ಹೊದಿಕೆಯನ್ನು ಬಾಯಿಗೆ ಎಳೆದುಕೊಂಡ.

ಅವ್ವ ಉಪದೇಶ ಮಾಡಲಿಲ್ಲ. ಫಕೀರೇಶನನ್ನು ಮಂಚದ ಪಕ್ಕ ನೆಲದ ಮೇಲೆ ಕೂರಿಸಿದರು. ಸಾಂವಕ್ಕನಿಗೆ ಬಡಿಸು ಎಂದರು.

ಅವಳು ಬಡಿಸಿದಳು. ಫಕೀರೇಶ ಉಂಡ. ಒಂದು ಅಗುಳು ಬಿಡದೆ ಉಂಡ. ಶಿವಪುತ್ರ ಹೊದಿಕೆಯ ಅಂಚಿನಿಂದ ನೋಡುತ್ತಲೇ ಇದ್ದ.

“ಇಂವ ಯಾರು?” ಎಂದು ಕೇಳಿದ ಕೊನೆಗೆ.

 

“ಆ ಪುಡಿಗೆ ದಾರಿ ತೋರಿಸಿದಾಂವ ನಾನರಿ,” ಎಂದ ಫಕೀರೇಶ. “ನಿಮ್ಮ ಮನಿಯವ್ರು ನಮ್ಮನ್ನ ನಂಬಿದ್ರು. ಅಷ್ಟ ಅವರ ತಪ್ಪು.”

ಶಿವಪುತ್ರ ಅವನನ್ನು ನೋಡಿದ. ಹೆಂಡತಿಯನ್ನು ನೋಡಿದ. ಅವಳ ಕೈಯ ಸೌಟನ್ನು ನೋಡಿದ.

“ಇವತ್ತ ಉಂಡಾನ,” ಎಂದ. “ನಾಳೆ ಬದಕಿದ್ರ ನೋಡೂಣು.”

ಮತ್ತೆ ಗೋಡೆಯ ಕಡೆ ತಿರುಗಿದ. ಆದರೆ ಹೊದಿಕೆ ಈಗ ಬಾಯಿಯ ಮೇಲಿರಲಿಲ್ಲ. ಸಾಂವಕ್ಕ ಅದನ್ನು ಕಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಡಬ್ಬಿ ತೊಳೆಯಲು ನಳದ ಕಡೆ ನಡೆದಳು.

ಅವ್ವ ಮತ್ತು ಫಕೀರೇಶ ಬಸ್ ನಿಲ್ದಾಣದ ಕಡೆ ಹೊರಟರು. ಆಶ್ರಮದಲ್ಲಿ ಅವನಿಗೆ ನೂರು ಕೆಲಸ ಕಾದಿದ್ದವು. ದಿನವೂ ಇಷ್ಟು ದೂರ ಬಂದು ಒಬ್ಬನ ಮುಂದೆ ಕೂತು ಉಣ್ಣಬೇಕೆಂಬುದು ಅವನಿಗೆ ಈಗ ಹೊಳೆಯಿತು.

“ಎಷ್ಟ ದಿವಸ ಹಿಂಗ ಬರಬೇಕ್ರಿ ಅವ್ವಾರ?” ಎಂದು ಕೇಳಿದ.

ಅವ್ವ ನಡೆಯುವುದನ್ನು ನಿಲ್ಲಿಸಲಿಲ್ಲ.

“ಬ್ಯಾಸರಾದ್ರ ಹೇಳು, ಆ ನಿನ್ನ ಯಂತ್ರನ್ನ ಕಳಸೂಣು. ಅದು ಉಂಡು ತೋರಸಲಿ.”