ಅರವತ್ತು ದಾರಿ ನೋಡಿದ ಅಂಗ್ಮೊ

ಒಂದೂರು ಅಂದ್ರೆ ಒಂದೂರು, ಬಲು ದೂರದ ಊರು, ಹಿಮಾಲಯದಲ್ಲಿ ಮೋಡಕ್ಕೂ ಮೇಲೆ ಇತ್ತಂತೆ. ಸುತ್ತ ಹಿಮದ ಬೆಟ್ಟ, ನಡುವೆ ಅಂಗೈಯಷ್ಟು ಕಣಿವೆ. ಹೊರಗೆ ಬರೋಕೆ ಬೆಟ್ಟದ ನೆತ್ತಿಯಲ್ಲಿ ಒಂದೇ ಒಂದು ಸಂದು. ಬೇಸಿಗೆ ಬಲಿತು ಹಿಮ ಕರಗಿದಾಗ ಅದು ತೆರೀತಿತ್ತಂತೆ, ಜವೆಗೋಧಿ ಕೊಯ್ದು ಒಳಗಿಡೋ ಹೊತ್ತಿಗೆ ಮುಚ್ಚೇ ಹೋಗ್ತಿತ್ತಂತೆ. ಆಮೇಲೆ ಹುಟ್ಟಿದರೂ ಒಳಗೇ, ಸತ್ತರೂ ಒಳಗೇ. ಬೆವರು ಒರೆಸ್ಕೊಂಡು ಕೂತಿರೋ ನಿಮಗೆ ಇದು ಹೇಗೆ ಅರ್ಥ ಆಗಬೇಕು? ಇರಲಿ, ಕೇಳಿ.

ಅಲ್ಲಿಯವರ ಬಾಯಲ್ಲಿ ವರ್ಷ ಅನ್ನೋ ಮಾತೇ ಇರಲಿಲ್ಲವಂತೆ. ಸಂದು ಒಂದು ಸಲ ತೆರೆದು ಮುಚ್ಚಿದರೆ ಅದು ಒಂದು ದಾರಿ. ಮಗುವಿಗೆ ಎಷ್ಟಾಯ್ತು ಅಂದರೆ ‘ಮೂರು ದಾರಿ ಆಯ್ತು’ ಅನ್ನೋರು.

ಆ ಊರಲ್ಲಿ ಅಂಗ್ಮೊ ಅಂತ ಒಬ್ಬ ಮುದುಕಿ, ಊರಿಗೆಲ್ಲ ಅವಳೊಬ್ಬಳೇ ಸೂಲಗಿತ್ತಿ. ಅವಳ ಮಗಳು ಪಲ್ಮೊ ತುಂಬಿದ ಬಸುರಿ. ಬಾಣಂತಿಗೆ ಬೆಲ್ಲ, ಶುಂಠಿ ಬೇಕಲ್ಲ, ಅದಕ್ಕೇ ಮುದುಕಿ ಉಣ್ಣೆ ಹೊತ್ಕೊಂಡು ಕೆಳಗಿನ ಪೇಟೆಗೆ ಇಳಿದಳಂತೆ. ಕೆಳಸೀಮೆಯ ರಾಜನಿಗೋ ಆ ಕಣಿವೆ ಮೇಲೆ ಕಣ್ಣು. ಬೆಟ್ಟದ ಬುಡದಲ್ಲಿ ಡೇರೆ ಹಾಕಿ ಕೂತಿದ್ದ, ಆದರೆ ಸಂದು ಎಲ್ಲಿದೆ ಅಂತ ಅವನ ಕಡೆಯವರಿಗೆ ಯಾರಿಗೂ ಗೊತ್ತಿಲ್ಲ. ಬೆಲ್ಲ, ಶುಂಠಿ ಗಂಟು ಕಟ್ಕೊಂಡು ವಾಪಸ್ ಬರ್ತಿದ್ದ ಮುದುಕೀನ ಸೈನಿಕರು ಹಿಡಿದು ತಂದು ಅವನ ಮುಂದೆ ನಿಲ್ಲಿಸಿದರು.

“ಅಜ್ಜಿ, ನಿಮ್ಮ ಕಣಿವೇಲಿ ನೀನು ಎಷ್ಟು ದಾರಿ ನೋಡಿದ್ದೀಯ?”

“ಅರವತ್ತು ನೋಡಿದ್ದೀನಿ ದೊರೆ.”

ಅರವತ್ತು! ರಾಜನಿಗೆ ಖುಷಿಯೋ ಖುಷಿ.

“ಅದರಲ್ಲಿ ಒಳ್ಳೇದು ಯಾವುದು?”

“ನಾನು ಮದುವೆಯಾದ ದಾರಿ. ಏನು ಹೂವು, ಏನು ಬಿಸಿಲು ಅಂತೀರಿ!”

“ಕೆಟ್ಟದ್ದು?”

“ನನ್ನ ಯಜಮಾನರು ತೀರ್ಕೊಂಡ ದಾರಿ,” ಅಂತ ಮುದುಕಿ ಕಣ್ಣು ಒರೆಸ್ಕೊಂಡಳು.

“ಹಾಗಾದ್ರೆ ಆ ಮದುವೆ ದಾರೀನ ನನ್ನ ದಂಡಿಗೆ ತೋರಿಸು. ತೋರಿಸೋ ತನಕ ನಿನ್ನನ್ನ ಬಿಡಲ್ಲ.”

ಮುದುಕಿ ಬೆಪ್ಪಾದಳು. “ಅಯ್ಯೋ ನನ್ನಪ್ಪಾ, ಅದನ್ನ ತೋರಿಸೋ ಹಾಗಿದ್ದರೆ ನಾನೇ ಓಡಿಹೋಗಿ ಅಲ್ಲಿ ಕೂತ್ಕೋತಿರಲಿಲ್ವಾ? ನಿನಗೂ ಒಂದು ನಲವತ್ತು ದಾರಿ ಆಗಿರಬೇಕು. ಅಮ್ಮನ ಮಡಿಲಲ್ಲಿ ಆಡ್ಕೊಂಡಿದ್ದ ದಾರೀನ ನಿನ್ನ ದಂಡಿಗೆ ತೋರಿಸ್ತೀಯಾ, ಎಲ್ಲಿ?”

ಅವಳು ದಾರಿ ಅಂದಿದ್ದು ಯಾವುದಕ್ಕೆ ಅಂತ ಆಗ ರಾಜನಿಗೆ ಹೊಳೀತಂತೆ. ಬೆರಳು ಮಡಚಿ ತನ್ನ ದಾರಿಗಳ ಲೆಕ್ಕ ಹಾಕಿದ. ಅರ್ಧಕ್ಕರ್ಧ ಆಯುಸ್ಸು ಇನ್ನೊಬ್ಬರ ಊರು ಹಿಡಿಯೋಕೇ ಹೋಗಿತ್ತು. ತಾಯಿ ಸತ್ತಾಗಲೂ ಅವನು ಯಾವುದೋ ಕೋಟೆ ಮುಂದೆ ಇದ್ದ. ದುಃಖ ಒತ್ತರಿಸಿ ಬಂತು.

“ಅಜ್ಜಿ, ನನಗೆ ಇನ್ನೆಷ್ಟು ದಾರಿ ಇದೆ?”

“ಅದು ನನಗೇನು ಗೊತ್ತು ಮಗಾ? ಈ ದಾರಿ ಮಾತ್ರ ಇವತ್ತೋ ನಾಳೆಯೋ ಮುಚ್ಚುತ್ತೆ. ಮುಚ್ಚಿದರೆ ನನ್ನ ಮಗಳ ಹೆರಿಗೆಗೆ ಯಾರೂ ಇಲ್ಲ. ನಾನು ಹೋಗ್ಲಾ?”

“ಹೋಗು ತಾಯಿ, ಬೇಗ ಹೋಗು,” ಅಂದ ರಾಜ.

ಮುದುಕಿ ಗಂಟು ಎತ್ಕೊಂಡು ಬಿರಬಿರನೆ ಹತ್ತಿದಳು. ಸೇನಾಪತಿ ಓಡಿಬಂದ. “ಪ್ರಭು, ಇವಳ ಹಿಂದೇನೇ ಹೋದರೆ ಸಂದು ಸಿಗುತ್ತೆ! ಹಿಮ ಬೀಳೋದರೊಳಗೆ ಹೊರಡೋಣ!”

ರಾಜ ಎದ್ದು ನಿಂತ. “ಹೊರಡೋಣ. ಆದರೆ ಮನೆಗೆ. ನನ್ನ ಮಗಳಿಗೆ ಈಗ ಎಷ್ಟು ದಾರಿ ಆಗಿದೆ ಅಂತ ನನಗೆ ಗೊತ್ತೇ ಇಲ್ಲ ಕಣಯ್ಯ.”

ಅವತ್ತೇ ಹಿಮ ಬಿತ್ತಂತೆ. ಅಷ್ಟರೊಳಗೆ ಅಂಗ್ಮೊ ಆಚೆ ಇಳಿದಾಗಿತ್ತು, ಪಲ್ಮೊ ಹೆಣ್ಣು ಹೆತ್ತಳು. ಅವರು ಹಿಮದ ಆಚೆ ಒಲೆ ಮುಂದೆ ಬೆಚ್ಚಗೆ, ನಾವು ಹಿಮದ ಈಚೆ ಈ ಮಾತಿನ ಮುಂದೆ ಬೆಚ್ಚಗೆ.